ಹಗ್ಗದ ಎರಡು ತುದಿ

ಅಮೆರಿಕದಿಂದ ಹಿಂದಿರುಗಿ ಈ ಕಾಲೇಜಿನಲ್ಲಿ ಪಾಠ ಹೇಳತೊಡಗಿದಂದಿನಿಂದ ವಿದ್ಯಾರ್ಥಿಗಳು ನನ್ನನ್ನು ಕೇಳುವ ಪ್ರಶ್ನೆಗಳು ಮುಖ್ಯವಾಗಿ ಎರಡು. ‘ಅಲ್ಲಿ ಊಟಕ್ಕೆ ಏನು ಮಾಡುತ್ತಿದ್ದಿರಿ ಸಾರ್?’ ಎಂಬುದು ಮೊದಲನೆಯದು. ‘ಮರುಭೂಮಿಯಲ್ಲಿ ಬಂಡೆ ಹತ್ತಿದಿರಂತೆ, ನಿಜವೆ?’ ಎಂಬುದು ಎರಡನೆಯದು. ಮೊದಲನೆಯದಕ್ಕೆ ಉತ್ತರ ಸುಲಭ. ಅನ್ನ, ಸಾರು ಎಂದರೆ ಮುಗಿಯಿತು. ಎರಡನೆಯದು ತರಗತಿಯ ಬಾಗಿಲಲ್ಲಿ ನಿಂತು ಹೇಳಿ ಮುಗಿಸುವ ಸಂಗತಿಯಲ್ಲ. ಆದುದರಿಂದ ಇಷ್ಟು ದಿನ ನಕ್ಕು ಜಾರಿಕೊಳ್ಳುತ್ತಿದ್ದೆ.

ಆದರೆ ಈ ವರ್ಷ ದಸರಾ ರಜೆ ಕಳೆದ ಮೇಲೆ ಒಂದು ಭಾನುವಾರ ಊರಾಚೆಯ ಗುಡ್ಡದ ಕಡೆ ತಿರುಗಾಡಲು ಹೋಗಿದ್ದಾಗ ನಮ್ಮ ಹಾಸ್ಟೆಲಿನ ಮೂವರು ಹುಡುಗರನ್ನು ಕಂಡೆ. ಒಬ್ಬ ಮೂವತ್ತು ಅಡಿ ಎತ್ತರದ ಬಂಡೆಯ ನೆತ್ತಿಯಲ್ಲಿ ನಿಂತು ನೀರು ಸೇದುವ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡಿದ್ದ. ಇನ್ನೊಬ್ಬ ಅದರ ಕೆಳತುದಿಯನ್ನು ಸೊಂಟಕ್ಕೆ ಬಿಗಿದುಕೊಂಡು ಮೇಲೇರುತ್ತಿದ್ದ. ಮೂರನೆಯವನು ಫೋನಿನಲ್ಲಿ ಚಿತ್ರ ತೆಗೆಯುತ್ತಿದ್ದ. ಮೇಲೆ ನಿಂತವನು ತನ್ನನ್ನು ಯಾವುದಕ್ಕೂ ಕಟ್ಟಿಕೊಂಡಿರಲಿಲ್ಲ. ಏರುತ್ತಿದ್ದವನ ಕಾಲು ಜಾರಿದ್ದರೆ ಇಬ್ಬರೂ ಒಟ್ಟಿಗೆ ಬರುತ್ತಿದ್ದರು. ಪುಣ್ಯಕ್ಕೆ ಜಾರಲಿಲ್ಲ. ನಾನು ಗದರಿಸಿದೆ. ಗದರಿಕೆಯಿಂದ ಏನೂ ಪ್ರಯೋಜನವಿಲ್ಲವೆಂಬುದು ಅವರ ಮುಖ ನೋಡಿದಾಗಲೇ ತಿಳಿಯಿತು. ‘ಹತ್ತಬೇಡಿ’ ಎಂದು ಹೇಳುವುದಕ್ಕಿಂತ ‘ಹೇಗೆ ಹತ್ತುತ್ತಾರೆ’ ಎಂದು ಹೇಳುವುದೇ ಲೇಸೆಂದು ತೋರಿ ಈ ಲೇಖನ ಬರೆಯುತ್ತಿದ್ದೇನೆ.

ಬಂಡೆ ಹತ್ತುವುದು ನಮ್ಮ ನಾಡಿಗೆ ಹೊಸದೇನಲ್ಲ. ಉಡಕ್ಕೆ ಹಗ್ಗ ಕಟ್ಟಿ ಕೋಟೆ ಹತ್ತಿದ ವೀರರ ಕಥೆಯನ್ನು ನಾವೆಲ್ಲ ಅಜ್ಜಿಯ ಬಾಯಲ್ಲಿ ಕೇಳಿದ್ದೇವೆ. ಆದರೆ ಹಗ್ಗವನ್ನು ಉಡದ ಕೈಗಲ್ಲ, ಇನ್ನೊಬ್ಬ ಮನುಷ್ಯನ ಕೈಗೆ ಕೊಟ್ಟು ಹತ್ತುವುದರಲ್ಲಿ ಒಂದು ಶಾಸ್ತ್ರವಿದೆ. ಆ ಮನುಷ್ಯ ನಾಲ್ಕು ದಿನದ ಹಿಂದೆ ಪರಿಚಯವಾದವನಾಗಿದ್ದರಂತೂ ಆ ಶಾಸ್ತ್ರವೊಂದೇ ಗತಿ.

೨೦೧೯ರ ಮಾರ್ಚ್ ತಿಂಗಳು. ನಾನಾಗ ಕ್ಯಾಲಿಫೋರ್ನಿಯಾದ ಒಂದು ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದೆ. ವ್ಯಾಯಾಮಶಾಲೆಯಲ್ಲಿ ಹಲಗೆಯ ಗೋಡೆಗೆ ಬಣ್ಣದ ಹಿಡಿಗಳನ್ನು ಜಡಿದು ಮಾಡಿದ ಕೃತಕ ಬಂಡೆಯನ್ನು ಮೂರು ತಿಂಗಳಿನಿಂದ ಹತ್ತಿ ಇಳಿಯುತ್ತಿದ್ದೆ. ಅಲ್ಲಿನ ಪ್ರಕಟಣೆಯ ಹಲಗೆಯ ಮೇಲೆ ಒಂದು ಚೀಟಿ ಕಂಡಿತು: ‘ವಸಂತದ ರಜೆಯಲ್ಲಿ ಮರುಭೂಮಿಗೆ ಹೊರಟಿದ್ದೇವೆ. ಕಾರಿನಲ್ಲಿ ಒಬ್ಬರಿಗೆ ಸ್ಥಳವಿದೆ. ಪೆಟ್ರೋಲಿನ ಖರ್ಚು ಸಮಪಾಲು.’ ನಿಜ ಹೇಳಬೇಕಾದರೆ ನನ್ನನ್ನು ಸೆಳೆದದ್ದು ಬಂಡೆಯಲ್ಲ, ಸಮಪಾಲು.

ಕಾರಿನಲ್ಲಿ ನನ್ನನ್ನು ಬಿಟ್ಟು ಮೂವರಿದ್ದರು. ಕಾರಿನ ಒಡೆಯರು ಪ್ರೌಢಶಾಲೆಯಲ್ಲಿ ಮರಗೆಲಸ ಕಲಿಸಿ ನಿವೃತ್ತರಾಗಿದ್ದ ಅರುವತ್ತನಾಲ್ಕು ವರ್ಷದ ಹಿರಿಯರು. ನಲವತ್ತು ವರ್ಷ ಬಂಡೆ ಹತ್ತಿದವರು. ಎರಡನೆಯವರು ಆಸ್ಪತ್ರೆಯಲ್ಲಿ ರಾತ್ರಿಪಾಳಿ ಮಾಡುತ್ತಿದ್ದ ಒಬ್ಬ ನರ್ಸು. ಮೂರನೆಯವನು ಜಪಾನಿನಿಂದ ಬಂದಿದ್ದ ರಸಾಯನಶಾಸ್ತ್ರದ ವಿದ್ಯಾರ್ಥಿ, ಮಿತಭಾಷಿ. ಹಿರಿಯರು ತಮ್ಮನ್ನು ಹೆಸರು ಹಿಡಿದೇ ಕರೆಯಬೇಕೆಂದು ಮೊದಲ ಹತ್ತು ನಿಮಿಷದಲ್ಲಿಯೇ ಹೇಳಿದರು. ಉಳಿದಿಬ್ಬರು ಹಾಗೆಯೇ ಕರೆದರು. ನನಗೆ ನಾಲಗೆ ಏಳಲಿಲ್ಲ. ಬಯಲುಸೀಮೆಯ ಹಳ್ಳಿಯಲ್ಲಿ ಬೆಳೆದವನು ತಂದೆಗಿಂತ ಹಿರಿಯರನ್ನು ಹೆಸರು ಹಿಡಿದು ಕೂಗುವುದು ಹೇಗೆ? ‘ಸಾರ್’ ಎಂದೇ ಕರೆದೆ. ಈ ಸಣ್ಣ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರಿಂದಲೇ ಒಂದು ಅನಾಹುತವಾಗುವುದಿತ್ತು.

ನಾವು ಹೊರಟದ್ದು ನೆವಾಡ ರಾಜ್ಯದ ಲಾಸ್ ವೇಗಸ್ ನಗರದ ಪಶ್ಚಿಮಕ್ಕಿರುವ ರೆಡ್ ರಾಕ್ ಕಣಿವೆಗೆ. ಹೆಸರೇ ಹೇಳುವಂತೆ ಅಲ್ಲಿನದು ಕೆಂಪು ಮರಳುಗಲ್ಲು. ಬಾದಾಮಿಯನ್ನು ನೋಡಿದವರು ಆ ಬಣ್ಣವನ್ನು ಊಹಿಸಿಕೊಳ್ಳಬಹುದು. ಆದರೆ ನಾವು ತಲುಪಿದ ಹಿಂದಿನ ರಾತ್ರಿ ಅಲ್ಲಿ ಮಳೆ ಬಿದ್ದಿತ್ತು. ಹಿರಿಯರು ಕಾರಿನಿಂದಿಳಿದು ಬಂಡೆಯ ಬುಡದ ಮಣ್ಣನ್ನು ಒಂದು ಗೇಣು ಕೆದಕಿ, ಬೆರಳಿನಿಂದ ಮುಟ್ಟಿ ನೋಡಿ, ‘ಇಲ್ಲಿ ಆಗುವುದಿಲ್ಲ’ ಎಂದರು. ನಾವು ಐದು ಗಂಟೆ ಪ್ರಯಾಣ ಮಾಡಿ ಬಂದಿದ್ದೆವು. ಬಿಸಿಲು ಹೊಳೆಯುತ್ತಿತ್ತು, ಬಂಡೆ ಮೇಲ್ನೋಟಕ್ಕೆ ಒಣಗಿಯೇ ಇತ್ತು.

ಕಾರಣವನ್ನು ಅವರು ದಾರಿಯಲ್ಲಿ ವಿವರಿಸಿದರು. ಮರಳುಗಲ್ಲೆಂದರೆ ಹಿಂದೊಮ್ಮೆ ಮರಳುದಿಬ್ಬವಾಗಿದ್ದುದು. ಕಣಕಣಗಳನ್ನು ಅಂಟಿಸಿ ಹಿಡಿದಿರುವ ವಸ್ತು ನೀರು ತಾಗಿದರೆ ಸಡಿಲವಾಗುತ್ತದೆ. ಮೇಲೆ ಒಣಗಿದ್ದರೂ ಒಳಗೆ ನೀರು ಉಳಿದಿರುತ್ತದೆ. ಅಂಥ ಸಮಯದಲ್ಲಿ ಕೈಹಿಡಿಯೇ ಮುರಿದು ಬರಬಹುದು. ಬಂಡೆಗೆ ಸಿಕ್ಕಿಸಿದ ಕೊಂಡಿಯೂ ಕಿತ್ತು ಬರಬಹುದು. ಮುರಿದ ಹಿಡಿ ಮತ್ತೆ ಬೆಳೆಯುವುದಿಲ್ಲ. ಆದುದರಿಂದ ಮಳೆ ಬಿದ್ದ ಮೇಲೆ ಒಂದೆರಡು ದಿನ, ಕೆಲವೊಮ್ಮೆ ಮೂರು ದಿನ, ಆ ಕಲ್ಲಿನ ತಂಟೆಗೆ ಹೋಗಕೂಡದೆಂಬುದು ಅಲ್ಲಿನ ಸಂಪ್ರದಾಯ. ಬೆಣಚುಕಲ್ಲಿಗೆ, ಅಂದರೆ ಗ್ರಾನೈಟಿಗೆ, ಈ ದೋಷವಿಲ್ಲ. ನೀರು ಹರಿದುಹೋದರೆ ಅದು ಮತ್ತೆ ಮೊದಲಿನಂತೆಯೇ ಗಟ್ಟಿ. ಹಾಗಾಗಿ ನಾವು ಬೆಣಚುಕಲ್ಲನ್ನು ಹುಡುಕಿಕೊಂಡು ದಕ್ಷಿಣಕ್ಕೆ, ಕ್ಯಾಲಿಫೋರ್ನಿಯಾದ ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನದ ಕಡೆಗೆ, ಹೊರಟೆವು.

ದಾರಿ ಮೊಹಾವೆ ಮರುಭೂಮಿಯ ನಡುವೆ. ಸುಮಾರು ಮುನ್ನೂರು ಕಿಲೋಮೀಟರಿನಲ್ಲಿ ಕಂಡ ಊರುಗಳನ್ನು ಒಂದು ಕೈಯ ಬೆರಳಿನಲ್ಲಿ ಎಣಿಸಬಹುದು. ಕೆಲ್ಸೊ ಎಂಬಲ್ಲಿ ಇನ್ನೂರು ಮೀಟರ್ ಎತ್ತರದ ಮರಳುದಿಬ್ಬಗಳು. ಆಂಬಾಯ್ ಎಂಬಲ್ಲಿ ತಣ್ಣಗಾದ ಒಂದು ಜ್ವಾಲಾಮುಖಿಯ ಕರಿಯ ಗುಡ್ಡೆ, ಅದರಾಚೆ ಒಣಗಿದ ಉಪ್ಪಿನ ಕೆರೆ. ಮರುಭೂಮಿಯೆಂದರೆ ಬರಿಯ ಮರಳೆಂದುಕೊಂಡಿದ್ದ ನನಗೆ ರಸ್ತೆಯ ಬದಿಯಲ್ಲಿ ಹಳದಿ ಹೂ ಕಂಡು ಆಶ್ಚರ್ಯವಾಯಿತು. ಆ ವರ್ಷ ಚಳಿಗಾಲದ ಮಳೆ ಚೆನ್ನಾಗಿ ಬಿದ್ದಿತ್ತು. ನಮ್ಮನ್ನು ರೆಡ್ ರಾಕಿನಿಂದ ಓಡಿಸಿದ ಮಳೆಯೇ ಇಲ್ಲಿ ಹೂ ಬಿಡಿಸಿತ್ತು.

ಜೋಶುವಾ ಟ್ರೀ ೧೯೩೬ರಲ್ಲಿ ರಾಷ್ಟ್ರೀಯ ಸ್ಮಾರಕವಾಗಿಯೂ ೧೯೯೪ರಲ್ಲಿ ರಾಷ್ಟ್ರೀಯ ಉದ್ಯಾನವಾಗಿಯೂ ಘೋಷಿತವಾದ ಸ್ಥಳ. ವಿಸ್ತಾರ ೩,೨೦೦ ಚದರ ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಜೋಶುವಾ ಮರ ನಮ್ಮ ಬೇಲಿಯ ಕತ್ತಾಳೆಯ ಬಳಗದ್ದು. ಕತ್ತಾಳೆಗೆ ಕಾಂಡವೂ ಕೊಂಬೆಗಳೂ ಬಂದರೆ ಹೇಗೋ ಹಾಗೆ ಕಾಣುತ್ತದೆ. ಈ ಮರಗಳ ನಡುವೆ ರಾಶಿ ರಾಶಿಯಾಗಿ ಬಂಡೆಗಳು. ಮೊದಲ ನೋಟಕ್ಕೆ ನನಗಾದುದು ಬೆರಗಲ್ಲ, ತವರೂರಿನ ನೆನಪು. ಹಂಪಿಯ ಗುಂಡುಗಳನ್ನು ಯಾರೋ ಹೊತ್ತು ತಂದು ಇಲ್ಲಿ ಸುರಿದಂತಿತ್ತು.

ಹೋಲಿಕೆ ಆಕಸ್ಮಿಕವಲ್ಲ. ಎರಡೂ ಕಡೆ ಕಲ್ಲನ್ನು ಕೆತ್ತಿದ ರೀತಿ ಒಂದೇ. ಜೋಶುವಾ ಟ್ರೀಯ ಕಲ್ಲು ಹತ್ತು ಕೋಟಿ ವರ್ಷಗಳಿಗೂ ಹಿಂದೆ ಭೂಮಿಯ ಆಳದಲ್ಲಿ ಕರಗಿದ ದ್ರವವಾಗಿದ್ದು ನಿಧಾನವಾಗಿ ಗಟ್ಟಿಯಾದುದು. ಅದರಲ್ಲಿ ಅಡ್ಡಡ್ಡಲಾಗಿಯೂ ಉದ್ದುದ್ದಲಾಗಿಯೂ ಬಿರುಕುಗಳಾದವು. ಹವೆ ಇನ್ನೂ ತೇವವಾಗಿದ್ದ ಕಾಲದಲ್ಲಿ ನೆಲದೊಳಗಿನ ನೀರು ಆ ಬಿರುಕುಗಳಲ್ಲಿ ಇಳಿದು ಕಲ್ಲಿನ ಮೂಲೆಗಳನ್ನು ಸವೆಸಿ, ಚೌಕಗಳನ್ನು ಗುಂಡು ಮಾಡಿತು. ಆಮೇಲೆ ಮೇಲಿನ ಮಣ್ಣು ಪ್ರವಾಹಗಳಲ್ಲಿ ಕೊಚ್ಚಿಹೋಗಿ ಗುಂಡುಗಳು ಒಂದರ ಮೇಲೊಂದು ಕೂತವು. ನಮ್ಮ ರಾಮನಗರದ ಬೆಣಚುಕಲ್ಲಿಗೆ ಸುಮಾರು ಇನ್ನೂರೈವತ್ತು ಕೋಟಿ ವರ್ಷ. ಅದರ ಮುಂದೆ ಅಮೆರಿಕದ ಕಲ್ಲು ನಿನ್ನೆಯ ಕೂಸು. ಇದನ್ನು ಹೇಳಿದಾಗ ಹಿರಿಯರು ಟೋಪಿ ತೆಗೆದು ನನ್ನ ನಾಡಿಗೆ ನಮಸ್ಕಾರ ಮಾಡಿದರು.

ಇನ್ನು ಹತ್ತುವ ಶಾಸ್ತ್ರಕ್ಕೆ ಬರೋಣ.

ಮೊದಲನೆಯದು ಹಗ್ಗ. ಬಾವಿಗೆ ಇಳಿಬಿಟ್ಟ ಕೊಡ ಅರ್ಧ ದಾರಿಯಲ್ಲಿ ಕೈಜಾರಿ ಮತ್ತೆ ಹಿಡಿಗೆ ಸಿಕ್ಕಾಗ ಭುಜಕ್ಕೆ ಬೀಳುವ ಜಗ್ಗು ಎಲ್ಲರಿಗೂ ಗೊತ್ತು. ಕೊಡದ ಬದಲು ಮನುಷ್ಯನಾದರೆ ಆ ಜಗ್ಗು ಅವನ ಬೆನ್ನನ್ನೇ ಮುರಿಯಬಲ್ಲುದು. ಅದಕ್ಕಾಗಿ ಆರೋಹಣದ ಹಗ್ಗವನ್ನು ನೈಲಾನಿನ ಎಳೆಗಳಿಂದ, ಬಿದ್ದಾಗ ಹಿಗ್ಗಿ ಬೀಳುವಿಕೆಯ ಶಕ್ತಿಯನ್ನು ಹೀರಿಕೊಳ್ಳುವಂತೆ, ಹೆಣೆಯುತ್ತಾರೆ. ಒಳಗೆ ಎಳೆಗಳ ತಿರುಳು, ಹೊರಗೆ ಅದನ್ನು ಸವೆತದಿಂದ ಕಾಯುವ ಹೊದಿಕೆ. ಈ ವಿಧದ ಹಗ್ಗ ೧೯೫೩ರಲ್ಲಿ ಜರ್ಮನಿಯಲ್ಲಿ ಹುಟ್ಟಿತು. ನೀರು ಸೇದುವ ಹಗ್ಗಕ್ಕೆ ಹೀಗೆ ಹಿಗ್ಗುವ ಗುಣವಿಲ್ಲ. ಅದು ಕೊಡಕ್ಕೆ ಸಾಕು, ಮನುಷ್ಯನಿಗೆ ಸಾಲದು.

ಎಷ್ಟು ಎತ್ತರದಿಂದ ಬಿದ್ದೆವೆಂಬುದಕ್ಕಿಂತ, ಬಿದ್ದ ದೂರವನ್ನು ತಡೆಯಲು ಎಷ್ಟು ಉದ್ದದ ಹಗ್ಗವಿದೆಯೆಂಬುದು ಮುಖ್ಯ. ಹತ್ತು ಮೀಟರ್ ಹಗ್ಗ ಹೊರಗಿದ್ದಾಗ ಎರಡು ಮೀಟರ್ ಬಿದ್ದರೆ ಜಗ್ಗು ಮೃದು. ಎರಡೇ ಮೀಟರ್ ಹಗ್ಗದ ಮೇಲೆ ನಾಲ್ಕು ಮೀಟರ್ ಬಿದ್ದರೆ ಜಗ್ಗು ಕ್ರೂರ. ಗಣಿತದವರು ಒಂದನ್ನು ಇನ್ನೊಂದರಿಂದ ಭಾಗಿಸಿ ನೋಡಲಿ.

ಎರಡನೆಯದು ಹಗ್ಗ ಹಿಡಿಯುವವನು. ಅವನ ಕೆಲಸಕ್ಕೆ ಬಿಲೇ ಎನ್ನುತ್ತಾರೆ. ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ತೋಳಬಲದಿಂದ ಹಿಡಿಯುವುದು ಬಿಲೇ ಅಲ್ಲ. ಅದು ಇಬ್ಬರಿಗೂ ಅಪಾಯ. ಅವನ ಸೊಂಟದ ಪಟ್ಟಿಗೆ ಒಂದು ಪುಟ್ಟ ಲೋಹದ ಸಾಧನ ತಗುಲಿರುತ್ತದೆ. ಹಗ್ಗ ಅದರೊಳಗೆ ಮಡಿಸಿ ಹೋಗಿ ಬರುತ್ತದೆ. ಹೊರಬಂದ ಹಗ್ಗವನ್ನು ಕೆಳಕ್ಕೆ ಎಳೆದು ಹಿಡಿದರೆ ಮಡಿಕೆಯ ಘರ್ಷಣೆಯೇ ಬೀಳುವವನನ್ನು ತಡೆಯುತ್ತದೆ. ಐವತ್ತು ಕಿಲೋ ತೂಗುವ ಹುಡುಗಿ ಎಂಬತ್ತು ಕಿಲೋ ತೂಗುವವನನ್ನು ಹೀಗೆ ಹಿಡಿಯಬಲ್ಲಳು. ನಿಯಮ ಒಂದೇ: ಆ ಕೆಳಗಿನ ಕೈ ಹಗ್ಗವನ್ನು ಯಾವ ಕಾರಣಕ್ಕೂ ಬಿಡಕೂಡದು. ಮೂಗಿನ ಮೇಲೆ ನೊಣ ಕೂತರೂ ಇನ್ನೊಂದು ಕೈಯಿಂದಲೇ ಓಡಿಸಬೇಕು.

ಮೂರನೆಯದು ಬಂಡೆಗೆ ಹಗ್ಗವನ್ನು ತಗಲಿಸುವ ಉಪಾಯ. ಮೊದಲು ಹತ್ತುವವನು ಬಿರುಕುಗಳಲ್ಲಿ ಅಲ್ಲಲ್ಲಿ ಲೋಹದ ತುಂಡುಗಳನ್ನು ಸಿಕ್ಕಿಸಿ, ಕೊಂಡಿಯ ಮೂಲಕ ಹಗ್ಗವನ್ನು ಹಾಯಿಸುತ್ತ ಹೋಗುತ್ತಾನೆ. ಹಿಂದೆ ಕಬ್ಬಿಣದ ಗೂಟ ಹೊಡೆಯುತ್ತಿದ್ದರು. ಅದರಿಂದ ಬಿರುಕುಗಳು ಒಡೆದು ಹಾಳಾಗುತ್ತಿದ್ದುವು. ೧೯೭೦ರ ದಶಕದಲ್ಲಿ ರೇ ಜಾರ್ಡೀನ್ ಎಂಬಾತ ಸ್ಪ್ರಿಂಗಿನಿಂದ ಅರಳುವ ಒಂದು ಸಾಧನವನ್ನು ಬಳಕೆಗೆ ತಂದ. ಸನ್ನೆಯನ್ನು ಎಳೆದರೆ ಅದರ ಹಲ್ಲೆಗಳು ಮುದುಡುತ್ತವೆ. ಬಿರುಕಿನೊಳಗೆ ಇಟ್ಟು ಬಿಟ್ಟರೆ ಅರಳಿ ಎರಡೂ ಗೋಡೆಗಳನ್ನು ಒತ್ತಿ ನಿಲ್ಲುತ್ತವೆ. ಹಲ್ಲೆಗಳ ಅಂಚಿನ ವಕ್ರತೆ ಹೇಗಿದೆಯೆಂದರೆ ಕೆಳಕ್ಕೆ ಜಗ್ಗಿದಷ್ಟೂ ಅದು ಪಕ್ಕಕ್ಕೆ ಬಲವಾಗಿ ಒತ್ತುತ್ತದೆ. ಉಡದ ಪಟ್ಟನ್ನು ಲೋಹದಲ್ಲಿ ಮಾಡಿದಂತೆ! ಹತ್ತಿ ಮುಗಿದ ಮೇಲೆ ಅದನ್ನು ತೆಗೆದುಕೊಂಡು ಬಂದರೆ ಬಂಡೆಗೆ ಗಾಯವಿಲ್ಲ.

ದಾರಿಗಳ ಕಷ್ಟವನ್ನು ಅಳೆಯಲು ಅವರಲ್ಲಿ ಒಂದು ವಿಚಿತ್ರ ಅಂಕಿಯುಂಟು. ಒಂದನೆಯ ತರಗತಿ ಎಂದರೆ ನಡೆಯುವುದು. ಐದನೆಯದು ಎಂದರೆ ಹಗ್ಗ ಬೇಕಾದ ಹತ್ತುವಿಕೆ. ೧೯೫೦ರ ದಶಕದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಟಾಕ್ವಿಟ್ಸ್ ಎಂಬ ಬಂಡೆಯಲ್ಲಿ ಐದನೆಯ ತರಗತಿಯನ್ನು ೫.೦ರಿಂದ ೫.೯ರವರೆಗೆ ಭಾಗ ಮಾಡಿದರು. ಅದಕ್ಕಿಂತ ಕಷ್ಟವಾದುದು ಅಸಾಧ್ಯವೆಂದು ತಿಳಿದಿದ್ದರು. ಮುಂದಿನ ತಲೆಮಾರಿನವರು ಅದನ್ನೂ ಹತ್ತಿಬಿಟ್ಟರು. ಹಾಗಾಗಿ ೫.೯ರ ಮೇಲೆ ‘ಐದು ಹತ್ತು’ ಹುಟ್ಟಿ, ಈಗ ‘ಐದು ಹದಿನೈದ’ರವರೆಗೆ ಬೆಳೆದಿದೆ. ದಶಮಾಂಶದ ನಿಯಮಕ್ಕೆ ಇದು ವಿರುದ್ಧವೆಂದು ನಾನು ಆಕ್ಷೇಪಿಸಿದೆ. ‘ಬಂಡೆ ಹತ್ತುವವರಿಗೆ ಗಣಿತ ಬಂದಿದ್ದರೆ ಬಂಡೆ ಹತ್ತುತ್ತಿದ್ದರೇ?’ ಎಂದರು ನರ್ಸಮ್ಮ.

ನಾವು ಡೇರೆ ಹಾಕಿದ್ದು ಹಿಡನ್ ವ್ಯಾಲಿ ಎಂಬಲ್ಲಿ. ಅಲ್ಲಿ ನೀರಿಲ್ಲ, ತಲೆಗೆ ದಿನಕ್ಕೆ ನಾಲ್ಕು ಲೀಟರಿನಂತೆ ಕಾರಿನಲ್ಲಿ ಹೊತ್ತುಕೊಂಡು ಹೋಗಿದ್ದೆವು. ಹಗಲು ಹಿತವಾದ ಬಿಸಿಲು, ರಾತ್ರಿ ಹಲ್ಲು ಕಟಕಟಿಸುವ ಚಳಿ. ಮೊದಲ ರಾತ್ರಿ ಬೆಂಕಿಯ ಸುತ್ತ ಕೂತಿದ್ದಾಗ ಹಿರಿಯರು ಲಿನ್ ಹಿಲ್ ಎಂಬ ಮಹಿಳೆಯ ಕಥೆ ಹೇಳಿದರು. ಜಗತ್ತಿನ ಅತ್ಯುತ್ತಮ ಶಿಲಾರೋಹಿಗಳಲ್ಲಿ ಆಕೆ ಒಬ್ಬರು. ತಾರುಣ್ಯದಲ್ಲಿ ಇದೇ ಜೋಶುವಾ ಟ್ರೀಯ ಬಂಡೆಗಳಲ್ಲಿ ಹತ್ತಿ ಬೆಳೆದವರು. ೧೯೮೯ರಲ್ಲಿ ಫ್ರಾನ್ಸಿನ ಬೂ ಎಂಬಲ್ಲಿ ಒಂದು ಸುಲಭವಾದ ದಾರಿಯನ್ನು ಹತ್ತಲು ಹಗ್ಗವನ್ನು ಸೊಂಟದ ಪಟ್ಟಿಯೊಳಗೆ ತೂರಿಸಿದ್ದರು. ಅಷ್ಟರಲ್ಲಿ ಯಾರೊಂದಿಗೋ ಮಾತು ಬಂತು. ಗಂಟು ಅರ್ಧಕ್ಕೇ ನಿಂತಿತು. ಮೇಲಂಗಿ ಅದನ್ನು ಮುಚ್ಚಿತು. ಹತ್ತಿ ಮುಗಿಸಿ, ಇಳಿಯಲೆಂದು ಹಗ್ಗದ ಮೇಲೆ ಭಾರ ಬಿಟ್ಟು ಹಿಂದಕ್ಕೆ ಒರಗಿದಾಗ ಹಗ್ಗ ಸರ್ರನೆ ಕಳಚಿಬಂತು. ಎಪ್ಪತ್ತು ಅಡಿಗೂ ಮಿಕ್ಕಿ ಬಿದ್ದರು. ಮರದ ಕೊಂಬೆಗಳು ತಡೆದುದರಿಂದ ಮೊಣಕೈಯ ಕೀಲು ತಪ್ಪಿದ್ದು, ಪಾದ ಮುರಿದದ್ದು ಇಷ್ಟರಲ್ಲೇ ಪಾರಾದರು. ಚೇತರಿಸಿಕೊಂಡು ೧೯೯೩ರಲ್ಲಿ ಯೋಸೆಮಿಟಿಯ ಎಲ್ ಕ್ಯಾಪಿಟನ್ ಬಂಡೆಯ ‘ನೋಸ್’ ಎಂಬ ಮಹಾಮಾರ್ಗವನ್ನು, ಹಗ್ಗಕ್ಕೆ ಜೋತು ಬೀಳದೆ, ಕೇವಲ ಕೈಕಾಲಿನ ಬಲದಿಂದ ಏರಿದ ಮೊದಲ ವ್ಯಕ್ತಿಯಾದರು. ಗಂಡಸರಿಗೂ ಅದು ಅದುವರೆಗೆ ಸಾಧ್ಯವಾಗಿರಲಿಲ್ಲ.

‘ಅದಕ್ಕೇ ಪರಸ್ಪರ ಪರೀಕ್ಷೆ’ ಎಂದರು ಹಿರಿಯರು. ಹತ್ತುವವನು ಹಿಡಿಯುವವನ ಸಾಧನವನ್ನು ನೋಡಬೇಕು. ಹಿಡಿಯುವವನು ಹತ್ತುವವನ ಗಂಟನ್ನು ನೋಡಬೇಕು. ಪ್ರತಿಸಲವೂ ನೋಡಬೇಕು, ಯಾರೇ ಆಗಿರಲಿ ನೋಡಬೇಕು. ಆಮೇಲೆ ನಿಗದಿಯಾದ ನಾಲ್ಕು ಮಾತು: ‘ಹಿಡಿದಿದ್ದೀರಾ?’ ‘ಹಿಡಿದಿದ್ದೇನೆ.’ ‘ಹತ್ತುತ್ತೇನೆ.’ ‘ಹತ್ತಿ.’ ಗಾಳಿಯಲ್ಲಿ ಮಾತು ಅರ್ಧ ಹಾರಿಹೋಗುವುದರಿಂದ ಈ ಮಾತುಗಳಿಗೆ ಬದಲಾಗಿ ಬೇರೆ ಯಾವುದನ್ನೂ ಬಳಸುವುದಿಲ್ಲ. ನಾನು ಇದನ್ನೆಲ್ಲ ಹರಿಕಥೆ ಕೇಳಿದಂತೆ ಕೇಳಿ ತಲೆದೂಗಿದೆ.

ಎರಡನೆಯ ದಿನ ಸೈಕ್ಲಪ್ಸ್ ಎಂಬ ಬಂಡೆಯನ್ನು ಹತ್ತಿದೆವು. ಅದರ ನೆತ್ತಿಯ ಬಳಿ ಆಚೆಯ ಆಕಾಶ ಕಾಣುವ ಒಂದು ಕಂಡಿಯಿದೆ. ಒಕ್ಕಣ್ಣಿನ ರಾಕ್ಷಸನ ಹೆಸರು ಬಂದುದು ಅದರಿಂದ. ಹೊಸಬರಿಗೆ ಹೇಳಿಮಾಡಿಸಿದ ದಾರಿ. ಆದರೂ ಇಪ್ಪತ್ತು ಅಡಿ ಏರುವಷ್ಟರಲ್ಲಿ ನನ್ನ ಮೊಣಕಾಲು ಹೊಲಿಗೆ ಯಂತ್ರದಂತೆ ಕುಣಿಯತೊಡಗಿತು. ಕೂಸು ತಾಯಿಯನ್ನು ಅಪ್ಪುವಂತೆ ಬಂಡೆಯನ್ನು ಅಪ್ಪಿಕೊಂಡೆ. ‘ಬಂಡೆಯಿಂದ ದೂರ ನಿಲ್ಲಿ, ಕಾಲನ್ನು ನಂಬಿ’ ಎಂದು ಕೆಳಗಿನಿಂದ ನರ್ಸಮ್ಮ ಕೂಗಿದರು. ದೂರ ನಿಂತರೆ ಬೀಳುವುದಿಲ್ಲವೇ? ಇಲ್ಲ. ಮೈಯನ್ನು ನೆಟ್ಟಗೆ ಮಾಡಿ ನಿಂತರೆ ತೂಕ ಅಂಗಾಲಿನ ಮೂಲಕ ಕಲ್ಲನ್ನು ಒತ್ತುತ್ತದೆ. ಒತ್ತಿದಷ್ಟು ಘರ್ಷಣೆ, ಘರ್ಷಣೆಯಷ್ಟು ಹಿಡಿತ. ಅಪ್ಪಿಕೊಂಡರೆ ಪಾದ ಹೊರಕ್ಕೆ ಜಾರುತ್ತದೆ. ಭೌತಶಾಸ್ತ್ರದ ಈ ಪಾಠವನ್ನು ಪರೀಕ್ಷೆಗಾಗಿ ಎಷ್ಟೋ ಸಲ ಬರೆದಿದ್ದೆ. ಅಂದು ಮೊದಲ ಬಾರಿಗೆ ನಂಬಿದೆ. ಬಿರುಕಿನಲ್ಲಿ ಕೈ ತೂರಿಸಿ, ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಿಸಿದರೆ ಕೈ ಉಬ್ಬಿ ಬೆಣೆಯಂತೆ ಕೂರುತ್ತದೆಂಬುದನ್ನೂ ಕಲಿತೆ. ಅಲ್ಲಿನ ಕಲ್ಲಿನ ಹರಳು ದಪ್ಪ. ಸಂಜೆಗೆ ಮುಂಗೈಯ ಚರ್ಮ ತುರಿಮಣೆಗೆ ಕೊಟ್ಟ ತೆಂಗಿನಕಾಯಿಯಂತಾಗಿತ್ತು.

ಆ ಸಂಜೆ ನರ್ಸಮ್ಮ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: ‘ನೀವು ಅವರ ಗಂಟನ್ನು ನೋಡುತ್ತಿಲ್ಲ. ಸುಮ್ಮನೆ ತಲೆಯಾಡಿಸುತ್ತೀರಿ.’ ನಿಜವಾಗಿತ್ತು. ಜಪಾನಿನ ಗೆಳೆಯನ ಗಂಟನ್ನು ಬಗ್ಗಿ ನೋಡುತ್ತಿದ್ದೆ, ನರ್ಸಮ್ಮನದನ್ನೂ ನೋಡುತ್ತಿದ್ದೆ. ಹಿರಿಯರ ಸರದಿ ಬಂದಾಗ ಮಾತ್ರ ಕಣ್ಣು ಹಾಯಿಸಿ ‘ಸರಿಯಾಗಿದೆ ಸಾರ್’ ಎನ್ನುತ್ತಿದ್ದೆ. ನಲವತ್ತು ವರ್ಷ ಹತ್ತಿದವರ ಗಂಟನ್ನು ಮೂರು ತಿಂಗಳು ಕಲಿತವನು ಪರೀಕ್ಷಿಸುವುದೆಂದರೆ ಗುರುವಿನ ಕೈಬರಹ ತಿದ್ದಿದಂತೆ ಎಂಬ ಸಂಕೋಚ. ಅದನ್ನು ಅವರಿಗೆ ವಿವರಿಸಲು ಯತ್ನಿಸಿದೆ. ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರು ಬರೆದ ಔಷಧದ ಪ್ರಮಾಣವನ್ನೂ ತಾವು ಮತ್ತೊಮ್ಮೆ ಓದಿಯೇ ಕೊಡುವುದೆಂದು ಅವರು ಹೇಳಿದರು. ಹೆಚ್ಚು ಮಾತಾಡಲಿಲ್ಲ.

ಮೂರನೆಯ ದಿನ ಬೆಳಗ್ಗೆ ಡೇರೆಯ ಹತ್ತಿರದಲ್ಲೇ ಇಪ್ಪತ್ತು ಮೀಟರ್ ಎತ್ತರದ ಒಂದು ಬಿರುಕು. ಹಿರಿಯರು ಮೊದಲು ಹತ್ತುವವರು, ನಾನು ಹಗ್ಗ ಹಿಡಿಯುವವನು. ಅವರು ಹಗ್ಗದಲ್ಲಿ ಎಂಟರ ಆಕಾರದ ಗಂಟು ಹಾಕಿ, ತುದಿಯನ್ನು ಸೊಂಟದ ಪಟ್ಟಿಯೊಳಗೆ ತೂರಿಸಿದರು. ಆ ತುದಿ ಬಂದ ದಾರಿಯಲ್ಲೇ ಹಿಂದಿರುಗಿ ಎಂಟನ್ನು ಮತ್ತೊಮ್ಮೆ ಬರೆಯಬೇಕು. ಆಗ ಗಂಟು ಪೂರ್ಣ. ಅಷ್ಟರಲ್ಲಿ ಪಕ್ಕದ ಡೇರೆಯ ಒಬ್ಬ ತರುಣ ಬಂದು ಯಾವುದೋ ದಾರಿಯ ವಿಷಯ ಕೇಳಿದ. ಹಿರಿಯರು ಕೈಯೆತ್ತಿ ಬಂಡೆ ತೋರಿಸುತ್ತ ಐದು ನಿಮಿಷ ಮಾತಾಡಿದರು. ಅವನು ಹೋದ. ಇವರು ಚಳಿಯ ಅಂಗಿಯನ್ನು ಕೆಳಕ್ಕೆಳೆದುಕೊಂಡು, ಕೈಗೆ ಸುಣ್ಣದಂಥ ಪುಡಿ ಹಚ್ಚಿಕೊಂಡು ನನ್ನ ಕಡೆ ತಿರುಗಿದರು.

‘ಹಿಡಿದಿದ್ದೀರಾ?’

ಹಿಂದಿನ ಸಂಜೆಯ ಮಾತು ಚುಚ್ಚುತ್ತಿತ್ತು. ಬಗ್ಗಿ ನೋಡಿದೆ. ಅಂಗಿಯ ಅಂಚಿನ ಕೆಳಗೆ ಎಂಟು ಒಂದೇ ಎಳೆಯಲ್ಲಿತ್ತು. ತುದಿ ಪಟ್ಟಿಯನ್ನು ದಾಟಿ ಬಂದು ಸುಮ್ಮನೆ ಜೋತಾಡುತ್ತಿತ್ತು.

ಆಗಲೂ ನನ್ನ ಬಾಯಿಂದ ಮಾತು ಹೊರಡಲಿಲ್ಲವೆಂಬುದನ್ನು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ. ಇದು ನನಗೆ ಗೊತ್ತಿಲ್ಲದ ಬೇರೊಂದು ಗಂಟಿರಬಹುದೆ? ತಪ್ಪಾಗಿ ಹೇಳಿದರೆ ನಗುವುದಿಲ್ಲವೆ? ಅವರಿಗೆ ಅವಮಾನವಾಗುವುದಿಲ್ಲವೆ? ಅವರು ಬಂಡೆಗೆ ಕೈಯಿಟ್ಟರು. ಒಂದು ಕಾಲು ನೆಲ ಬಿಟ್ಟಿತು. ‘ಸಾರ್’ ಎಂದೆ. ಅವರು ತಿರುಗಲಿಲ್ಲ. ಆಗ ಮೊತ್ತಮೊದಲ ಬಾರಿಗೆ ಅವರ ಹೆಸರು ಹಿಡಿದು ಕೂಗಿದೆ, ‘ನಿಮ್ಮ ಗಂಟು!’ ಎಂದೆ.

ಅವರು ಇಳಿದು, ಕೆಳಗೆ ನೋಡಿಕೊಂಡರು. ಮುಖದ ಬಣ್ಣ ಹೋಯಿತು. ಮಾತಾಡದೆ ಗಂಟು ಬಿಚ್ಚಿ ಮೊದಲಿನಿಂದ ಹಾಕಿದರು. ಕೈ ಸ್ವಲ್ಪ ನಡುಗುತ್ತಿತ್ತು. ಆಮೇಲೆ ಒಂದು ಕಲ್ಲಿನ ಮೇಲೆ ಕೂತು, ‘ಮೊನ್ನೆ ರಾತ್ರಿ ಆ ಕಥೆ ಹೇಳಿದವನು ನಾನೇ’ ಎಂದರು. ಸ್ವಲ್ಪ ಹೊತ್ತು ಬಿಟ್ಟು ನನ್ನನ್ನು ನೋಡಿ, ‘ನೀವು ನೋಡಿದ ಕೂಡಲೇ ಯಾಕೆ ಹೇಳಲಿಲ್ಲ?’ ಎಂದು ಕೇಳಿದರು. ನನ್ನ ತಡೆ ಅವರ ಗಮನಕ್ಕೆ ಬಂದಿತ್ತು.

‘ನೀವು ಹಿರಿಯರು’ ಎಂದೆ.

‘ಗಂಟಿಗೆ ನನ್ನ ವಯಸ್ಸು ಗೊತ್ತಿಲ್ಲ’ ಎಂದರು. ಅಷ್ಟೇ. ಆಮೇಲೆ ಆ ಬಿರುಕನ್ನು ಹತ್ತಿದರು. ಅಂದು ನಾನು ಹಿಡಿದಷ್ಟು ಗಮನದಿಂದ ಹಗ್ಗವನ್ನು ಮತ್ತೆಂದೂ ಹಿಡಿದಿಲ್ಲ.

ಈ ಸಂಗತಿಯನ್ನು ಮತ್ತೆ ಮತ್ತೆ ಯೋಚಿಸಿದ್ದೇನೆ. ನಾಲ್ಕು ದಿನದ ಪರಿಚಯದವರ ಕೈಗೆ ಪ್ರಾಣ ಕೊಡುವುದು ಹೇಗೆ ಎಂದು ಹೊರಡುವಾಗ ಭಯವಿತ್ತು. ಆದರೆ ನಮ್ಮ ನಡುವೆ ಅಪಾಯ ತಂದದ್ದು ಅಪರಿಚಿತತನವಲ್ಲ. ಪೂರ್ತಿ ಅಪರಿಚಿತನ ಗಂಟಾಗಿದ್ದರೆ ನಾನು ಮೊದಲ ದಿನವೇ ಬಗ್ಗಿ ನೋಡುತ್ತಿದ್ದೆ. ಅಪಾಯ ತಂದದ್ದು ನನ್ನ ಗೌರವ, ಅವರ ಅಭ್ಯಾಸ. ಅನುಭವ ಹೆಚ್ಚಿದಷ್ಟೂ ಕೈ ತಾನಾಗಿಯೇ ಕೆಲಸ ಮಾಡುತ್ತದೆ. ಮನಸ್ಸು ಬೇರೆಡೆಗೆ ಹೋಗಲು ಬಿಡುವಾಗುತ್ತದೆ. ಆದುದರಿಂದ ಹೊಸಬನಿಗಿಂತ ಹಳಬನಿಗೇ ಇನ್ನೊಬ್ಬರ ಕಣ್ಣು ಹೆಚ್ಚು ಬೇಕು. ಪರಸ್ಪರ ಪರೀಕ್ಷೆಯೆಂಬ ಪದ್ಧತಿಯ ಹಿರಿಮೆ ಇರುವುದು ಇಲ್ಲಿ. ಪ್ರತಿಸಲವೂ ಎಲ್ಲರನ್ನೂ ನೋಡುವುದೆಂದು ನಿಯಮ ಮಾಡಿಬಿಟ್ಟರೆ ನೋಡುವುದು ಸಂಶಯವಾಗುವುದಿಲ್ಲ, ನೋಡಿಸಿಕೊಳ್ಳುವುದು ಅವಮಾನವಾಗುವುದಿಲ್ಲ. ಹಿರಿಯರಿಗೆ ಗೌರವ ಕೊಡುವುದನ್ನು ನಾವು ಬಿಡಬೇಕಾಗಿಲ್ಲ. ಅವರ ಗಂಟನ್ನು ನೋಡುವುದೂ ಆ ಗೌರವದ ಒಂದು ಭಾಗವೆಂದು ತಿಳಿದರೆ ಸಾಕು.

ಇನ್ನು ನಮ್ಮ ಮೂವರು ಹುಡುಗರ ವಿಚಾರ. ಅವರ ಸಾಹಸವನ್ನು ನಾನು ಮೆಚ್ಚಿದೆ, ಹಗ್ಗವನ್ನು ಮೆಚ್ಚಲಿಲ್ಲ. ಕಲಿಯುವ ಆಸೆಯುಳ್ಳವರಿಗೆ ನಮ್ಮ ರಾಜ್ಯದಲ್ಲಿಯೇ ದಾರಿಯಿದೆ. ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯವರು ಶಿಲಾರೋಹಣದ ತರಬೇತಿ ಕೊಡುತ್ತಾರೆ. ಬಾದಾಮಿ, ರಾಮನಗರದ ಬಂಡೆಗಳಿಗ�� ದೇಶದ ನಾನಾ ಕಡೆಯಿಂದ ಜನ ಬರುತ್ತಾರೆ. ತರಬೇತಿ ಇಲ್ಲದೆ ಈ ಲೇಖನವನ್ನು ಓದಿದ ಬಲದಿಂದಲೇ ಯಾರೂ ಬಂಡೆಗೆ ಕೈಯಿಡಕೂಡದು. ಈಜುವುದನ್ನು ಹೇಗೆ ಪುಸ್ತಕದಿಂದ ಕಲಿಯಲಾಗುವುದಿಲ್ಲವೋ ಇದನ್ನೂ ಹಾಗೆಯೇ.

ಆದರೆ ಗಂಟು ಹಾಕುವುದನ್ನು ನೆಲದ ಮೇಲೆಯೇ ಕಲಿಯಬಹುದು. ಕಳೆದ ತಿಂಗಳಿನಿಂದ ಆ ಮೂವರೂ ಶನಿವಾರ ಸಂಜೆ ವಾಲಿಬಾಲ್ ಆಟದ ಕಂಬದ ಬಳಿ ಬರುತ್ತಿದ್ದಾರೆ. ನಾನು ತಂದಿಟ್ಟುಕೊಂಡಿದ್ದ ಹಳೆಯ ಹಗ್ಗದ ತುಂಡೊಂದಿದೆ. ಮೊದಲ ದಿನ ಎಂಟರ ಗಂಟನ್ನು ನಿಧಾನವಾಗಿ ಹಾಕಿ ತೋರಿಸಿ, ಪರಸ್ಪರ ಪರೀಕ್ಷೆ ಎಂದರೇನೆಂದು ವಿವರಿಸಿ, ‘ಈಗ ನನ್ನದನ್ನು ನೋಡಿ’ ಎಂದೆ. ಇಬ್ಬರು ತಲೆಯಾಡಿಸಿ ‘ಸರಿಯಾಗಿದೆ ಸಾರ್’ ಎಂದರು. ಮೂರನೆಯವನು, ಪ್ರಥಮ ಬಿ.ಎ. ತರಗತಿಯ ಹುಡುಗ, ಅಂದು ಚಿತ್ರ ತೆಗೆಯುತ್ತಿದ್ದವನು, ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ನೆಲ ನೋಡುತ್ತ ಮೆಲ್ಲಗೆ ಹೇಳಿದ: ‘ತುದಿ ಒಂದು ಗೇಣು ಉಳಿಯಬೇಕು ಅಂದಿರಿ ಸಾರ್. ಇದು ನಾಲ್ಕು ಬೆರಳಷ್ಟೇ ಇದೆ.’

ಅಳೆದು ನೋಡಿದೆ. ಹುಡುಗ ಹೇಳಿದ್ದು ಸರಿಯಾಗಿತ್ತು. ಗಂಟು ಬಿಚ್ಚಿ ಮತ್ತೆ ಹಾಕಿದೆ.